ಕುರಿಯ ಹೊಟ್ಟೆಯೊಳಗೆ ಗಿಡಮದ್ದಿನ ಪರೀಕ್ಷೆ

ನಮ್ಮ ಮನೆಯ ಕೊಟ್ಟಿಗೆಯ ಸೂರಿನಲ್ಲಿ ಒಂದು ಬಿದಿರಿನ ಗೊಟ್ಟ ಸಿಕ್ಕಿಸಿರುತ್ತಿತ್ತು. ಒಂದು ತುದಿಗೆ ಗಿಣ್ಣು. ಇನ್ನೊಂದು ತುದಿಯನ್ನು ಓರೆಯಾಗಿ ಕೊಯ್ದು, ದನದ ಬಾಯಿಗೆ ಚುಚ್ಚದ ಹಾಗೆ ಉಜ್ಜಿ ನುಣುಪು ಮಾಡಿದ್ದರು. ಕರು ಮಂಕಾಗಿ, ಕೂದಲು ನಿಮಿರಿ, ಹೊಟ್ಟೆ ಗುಡಾಣದಂತಾದರೆ ಅಪ್ಪ ಬೇವಿನ ಎಲೆ ಅರೆದು ಮಜ್ಜಿಗೆಯಲ್ಲಿ ಕದಡಿ ಗೊಟ್ಟಕ್ಕೆ ತುಂಬುತ್ತಿದ್ದರು. ಕರುವಿನ ತಲೆ ಎತ್ತಿ ಹಿಡಿಯುವುದು ನನ್ನ ಕೆಲಸ. ಅದು ಕೊಸರಾಡಿದರೆ ಅರ್ಧ ಮದ್ದು ನನ್ನ ಮೈಮೇಲೆ. ನಾಲ್ಕಾರು ದಿನಗಳಲ್ಲಿ ಕರು ಮತ್ತೆ ಚಿಗರೆಯಂತೆ ನೆಗೆಯುತ್ತಿತ್ತು. ಅದು ಬೇವಿನಿಂದ ಚೇತರಿಸಿಕೊಂಡಿತೇ, ಆ ದಿನಗಳಲ್ಲಿ ಅಮ್ಮ ಹೆಚ್ಚಿಗೆ ಇಡುತ್ತಿದ್ದ ಹಿಂಡಿಯಿಂದಲೇ, ಸುಮ್ಮನೆ ಬಿಟ್ಟಿದ್ದರೂ ಚೇತರಿಸಿಕೊಳ್ಳುತ್ತಿತ್ತೇ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಉತ್ತರ ಸಿಗುತ್ತಿರಲಿಲ್ಲ. ಪಕ್ಕದಲ್ಲಿ ಅದೇ ವಯಸ್ಸಿನ, ಅದೇ ಕಾಯಿಲೆಯ, ಮದ್ದು ಕುಡಿಯದ ಇನ್ನೊಂದು ಕರು ಇರಲಿಲ್ಲ.

ಗಿಡಮೂಲಿಕೆಯಿಂದ ಜಾನುವಾರುಗಳ ಹೊಟ್ಟೆಹುಳು ಹೋಗುತ್ತದೆಯೇ ಎಂಬ ಪ್ರಶ್ನೆಯನ್ನು ಹಿಡಿದು ಭಾರತ, ಪಾಕಿಸ್ತಾನ, ಕೀನ್ಯಾ, ಬ್ರೆಜಿಲ್, ಫ್ರಾನ್ಸ್, ಅಮೆರಿಕ ಮೊದಲಾದ ಕಡೆ ಬಹಳಷ್ಟು ಕೆಲಸ ನಡೆದಿದೆ. ಅದನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ನೋಡಿದರೆ ಉತ್ತರ ಒಂದೇ ಮಾತಿನಲ್ಲಿ ಬರುವುದಿಲ್ಲ. ಯಾವ ಹುಳು, ಯಾವ ಪ್ರಾಣಿ, ಗಿಡದ ಯಾವ ಭಾಗ, ಎಷ್ಟು ಪ್ರಮಾಣ, ಹೇಗೆ ತಯಾರಿಸಿದ್ದು, ಮದ್ದು ಕೊಡದ ಜೊತೆಗಾರ ಪ್ರಾಣಿಗಳಿಗೆ ಏನಾಯಿತು ಎಂಬ ಆರು ಪ್ರಶ್ನೆಗಳಿಗೂ ಉತ್ತರ ಇದ್ದಾಗ ಮಾತ್ರ ಮಾತಾಡಬಹುದು. ಬಹುಪಾಲು ಪ್ರಯೋಗಗಳು ಮೊದಲ ಮೂರರಲ್ಲೇ ನಿಂತುಬಿಟ್ಟಿವೆ. ನಾಟಿ ಮದ್ದಿನ ಬಗ್ಗೆ ನಿಜವಾದ ಗೌರವ ಇರುವವರು ಉಳಿದ ಮೂರನ್ನೂ ಕೇಳಲೇಬೇಕು ಎಂಬುದು ನನ್ನ ನಂಬಿಕೆ.

ಪ್ರಶ್ನೆ ಎಷ್ಟು ಜರೂರಿನದು ಎಂದು ತಿಳಿಯಲು ಒಂದು ಹುಳುವನ್ನು ಹತ್ತಿರದಿಂದ ನೋಡಬೇಕು. ಹೀಮಾಂಕಸ್ ಕಂಟಾರ್ಟಸ್ ಎಂಬುದು ಕುರಿ ಮೇಕೆಗಳ ನಾಲ್ಕನೆಯ ಹೊಟ್ಟೆಯಲ್ಲಿ, ಎಂದರೆ ನಿಜವಾದ ಜಠರದಲ್ಲಿ, ವಾಸಮಾಡುವ ದುಂಡುಹುಳು. ಉದ್ದ ಎರಡು ಮೂರು ಸೆಂಟಿಮೀಟರ್, ದಪ್ಪ ಹೊಲಿಗೆ ದಾರದಷ್ಟು. ಹೆಣ್ಣು ಹುಳುವಿನ ರಕ್ತ ತುಂಬಿದ ಕೆಂಪು ಕರುಳಿನ ಸುತ್ತ ಬಿಳಿಯ ಅಂಡಾಶಯ ಸುತ್ತಿಕೊಂಡಿರುವುದರಿಂದ ಕೆಂಪು ಬಿಳಿ ಎಳೆಗಳನ್ನು ಸೇರಿಸಿ ಹೊಸೆದಂತೆ ಕಾಣುತ್ತದೆ. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತ ಹೀರುತ್ತದೆ. ಒಂದು ಕುರಿಯಲ್ಲಿ ಸಾವಿರ ಹುಳುಗಳಿದ್ದರೆ ದಿನಕ್ಕೆ 50 ಮಿಲಿಲೀಟರ್. ಮೂವತ್ತು ಕಿಲೋ ತೂಕದ ಕುರಿಯ ಮೈಯಲ್ಲಿರುವ ರಕ್ತವೇ ಹೆಚ್ಚುಕಡಿಮೆ ಎರಡು ಲೀಟರ್. ಕಣ್ಣಿನ ಕೆಳರೆಪ್ಪೆ ಬಿಳಿಚಿಕೊಳ್ಳುತ್ತದೆ, ದವಡೆಯ ಕೆಳಗೆ ನೀರು ತುಂಬಿ ಊದಿಕೊಳ್ಳುತ್ತದೆ, ಹಿಂಡಿನ ಹಿಂದೆ ಬಿದ್ದ ಕುರಿ ಒಂದು ದಿನ ಏಳುವುದೇ ಇಲ್ಲ. ಹೆಣ್ಣು ಹುಳು ದಿನಕ್ಕೆ ಐದರಿಂದ ಹತ್ತು ಸಾವಿರ ಮೊಟ್ಟೆ ಇಡುತ್ತದೆ. ಮೊಟ್ಟೆಗಳು ಹಿಕ್ಕೆಯ ಜೊತೆ ನೆಲಕ್ಕೆ ಬಿದ್ದು, ಒಡೆದು, ಮಳೆ ಇಬ್ಬನಿಯ ತೇವದಲ್ಲಿ ಮರಿಹುಳುಗಳು ಹುಲ್ಲಿನ ಎಸಳು ಹತ್ತಿ ಕಾದು ಕೂರುತ್ತವೆ. ಅದನ್ನು ಮೇಯ್ದ ಕುರಿಯ ಹಿಕ್ಕೆಯಲ್ಲಿ ಸುಮಾರು ಮೂರು ವಾರಕ್ಕೆ ಮತ್ತೆ ಮೊಟ್ಟೆ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಕುರಿಗಳೇ ಒಂದು ಕೋಟಿ ಹತ್ತು ಲಕ್ಷದ ಆಸುಪಾಸು ಇವೆ. ಚಿತ್ರದುರ್ಗ, ತುಮಕೂರು, ಬಳ್ಳಾರಿ, ಬೆಳಗಾವಿ ಕಡೆಯ ಕುರಿಗಾರರ ವರ್ಷದ ಲೆಕ್ಕಾಚಾರವನ್ನು ಮುಂಗಾರಿನಲ್ಲಿ ಏರುಪೇರು ಮಾಡುವುದರಲ್ಲಿ ಈ ದಾರದಂಥ ಹುಳುವಿನ ಪಾಲು ದೊಡ್ಡದು.

ಇದಕ್ಕೆ ಔಷಧಿ ಇಲ್ಲವೇ? ಇದೆ. ಇದ್ದದ್ದು ಒಂದೊಂದಾಗಿ ಕೈಕೊಡುತ್ತಿದೆ. 1938ರಲ್ಲಿ ಫೀನೋಥಯಾಜೀನ್ ಬಂತು. 1957ರ ಹೊತ್ತಿಗೆ ಅದಕ್ಕೆ ಬಗ್ಗದ ಹುಳುಗಳು ಅಮೆರಿಕದಲ್ಲಿ ಕಂಡವು. 1961ರಲ್ಲಿ ಥಯಾಬೆಂಡಜೋಲ್ ಬಂದಾಗ ಇನ್ನು ಹುಳುಗಳ ಕಥೆ ಮುಗಿಯಿತು ಎಂದುಕೊಂಡರು. ಮೂರೇ ವರ್ಷಕ್ಕೆ ಅದೂ ಹಿಡಿಯದ ಹೀಮಾಂಕಸ್ ವರದಿಯಾಯಿತು. 1981ರಲ್ಲಿ ಬಂದ ಐವರ್‌ಮೆಕ್ಟಿನ್‌ಗೆ ಆ ದಶಕ ಮುಗಿಯುವ ಮುನ್ನವೇ ದಕ್ಷಿಣ ಆಫ್ರಿಕದಲ್ಲಿ ಅದೇ ಗತಿ. 2009ರಲ್ಲಿ ನ್ಯೂಜಿಲೆಂಡ್‌ನಲ್ಲಿ ಮಾರುಕಟ್ಟೆಗೆ ಬಂದ ಮೊನೆಪಾಂಟೆಲ್‌ಗೆ 2013ರಲ್ಲಿ ಅದೇ ದೇಶದ ಮೇಕೆಗಳ ಹುಳುಗಳು ಜಗ್ಗಲಿಲ್ಲ. ನಮ್ಮ ದೇಶದ ಸರ್ಕಾರಿ ಹಾಗೂ ದೊಡ್ಡ ಕುರಿ ಫಾರಂಗಳಲ್ಲಿ ಫೆನ್‌ಬೆಂಡಜೋಲ್ ಕೆಲಸ ಮಾಡದಿರುವುದು ಪಶುವೈದ್ಯರಿಗೆ ಹೊಸ ಸುದ್ದಿಯಲ್ಲ. ಎಲ್ಲ ಕುರಿಗೂ ಒಂದೇ ದಿನ, ತೂಕ ನೋಡದೆ, ಅದೇ ಔಷಧಿಯನ್ನು ವರ್ಷಗಟ್ಟಲೆ ಕುಡಿಸಿದರೆ ಬದುಕಿ ಉಳಿಯುವುದು ಆ ಔಷಧಿಗೆ ಸಾಯದ ಹುಳು ಮಾತ್ರ. ಮುಂದಿನ ಪೀಳಿಗೆಯೆಲ್ಲ ಅದರದೇ. ಗಿಡಮದ್ದಿನ ಕಡೆಗೆ ವಿಜ್ಞಾನಿಗಳು ಮತ್ತೆ ಮುಖಮಾಡಿದ್ದಕ್ಕೆ ದೊಡ್ಡ ಕಾರಣ ಇದು.

ಮತ್ತೆ ಎಂದೆ, ಏಕೆಂದರೆ ಮೊದಲು ಇದ್ದದ್ದೇ ಗಿಡ. ಇಪ್ಪತ್ತನೆಯ ಶತಮಾನದ ಅರ್ಧದವರೆಗೂ ಅಧಿಕೃತ ಔಷಧಕೋಶಗಳಲ್ಲಿ ಹುಳುವಿನ ಮದ್ದೆಂದರೆ ಮಾಚಿಪತ್ರೆಯ ಬಳಗದ ಗಿಡದಿಂದ ತೆಗೆದ ಸ್ಯಾಂಟೊನಿನ್, ಗಂಡು ಜರೀಗಿಡ ಎಂದು ಯುರೋಪಿನವರು ಕರೆಯುತ್ತಿದ್ದ ಜರೀಗಿಡದ ಬೇರಿನ ಸಾರ, ಕೀನೊಪೋಡಿಯಂ ಎಣ್ಣೆ, ತಂಬಾಕಿನ ನಿಕೋಟಿನ್. ನಮ್ಮ ಮಲೆನಾಡಿನ ಅಡಿಕೆಯೂ ಈ ಸಾಲಿನಲ್ಲಿತ್ತು ಎಂಬುದು ಅಡಿಕೆ ಬೆಳೆಗಾರರಲ್ಲೂ ಅನೇಕರಿಗೆ ಗೊತ್ತಿರಲಾರದು.

ನಾಯಿಯ ಸಣ್ಣ ಕರುಳಿನಲ್ಲಿ ಎಕಿನೋಕಾಕಸ್ ಎಂಬ ಅತಿ ಪುಟ್ಟ ಲಾಡಿಹುಳು ಇರುತ್ತದೆ. ಅದರ ಮೊಟ್ಟೆ ಕುರಿಯ ಅಥವಾ ಮನುಷ್ಯನ ಹೊಟ್ಟೆ ಸೇರಿದರೆ ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ನೀರಿನ ಗುಳ್ಳೆಯಂಥ ಗಂಟು ಬೆಳೆಯುತ್ತದೆ. ಕುರಿಗಳ ದೇಶವಾದ ನ್ಯೂಜಿಲೆಂಡ್‌ನಲ್ಲಿ ಇದು ಮನುಷ್ಯರನ್ನು ಕೊಲ್ಲುವ ಪಿಡುಗಾಗಿತ್ತು. ಅಲ್ಲಿ ಹತ್ತಾರು ವರ್ಷ ನಡೆದ ಹೋರಾಟದಲ್ಲಿ ನಾಯಿಗಳಿಗೆ ಕೊಟ್ಟ ಮದ್ದು ಅಡಿಕೆಯ ಸತ್ವವಾದ ಅರೆಕೊಲೀನ್. ಅದು ಲಾಡಿಹುಳುವನ್ನು ಮರಗಟ್ಟಿಸುತ್ತದೆ, ನಾಯಿಯ ಕರುಳನ್ನು ಜೋರಾಗಿ ಹಿಂಡುತ್ತದೆ. ಹಿಡಿತ ತಪ್ಪಿದ ಹುಳು ಭೇದಿಯ ಜೊತೆ ಹೊರಗೆ ಬೀಳುತ್ತದೆ. ಊರಿನ ನಾಯಿಗಳನ್ನೆಲ್ಲ ಒಂದು ಕಡೆ ಕಟ್ಟಿ, ಮದ್ದು ಕೊಟ್ಟು, ಬಿದ್ದದ್ದನ್ನು ಪರೀಕ್ಷಿಸಿ ಯಾವ ನಾಯಿಗೆ ಹುಳುವಿದೆ ಎಂದು ಪತ್ತೆ ಮಾಡುತ್ತಿದ್ದರು. ಆದರೆ ದೋಷಗಳೂ ಅಷ್ಟೇ ಸ್ಪಷ್ಟವಾಗಿದ್ದವು. ಕೆಲವು ನಾಯಿಗಳಿಗೆ ಭೇದಿಯೇ ಆಗುತ್ತಿರಲಿಲ್ಲ, ಕೆಲವು ವಾಂತಿ ಮಾಡಿ ಕುಸಿಯುತ್ತಿದ್ದವು, ಹುಳು ಹೊರಗೆ ಬಿದ್ದರೂ ಅದರ ಮೊಟ್ಟೆ ಸಾಯುತ್ತಿರಲಿಲ್ಲ. 1970ರ ದಶಕದಲ್ಲಿ ಪ್ರಾಜಿಕ್ವಾಂಟೆಲ್ ಬಂದ ಮೇಲೆ ಅಡಿಕೆಯ ಮದ್ದು ಹಿಂದೆ ಸರಿಯಿತು. 2002ರಲ್ಲಿ ನ್ಯೂಜಿಲೆಂಡ್ ತಾನು ಈ ರೋಗದಿಂದ ತಾತ್ಕಾಲಿಕವಾಗಿ ಮುಕ್ತ ಎಂದು ಘೋಷಿಸಿಕೊಂಡಿತು. ಅಡಿಕೆ ಕೆಲಸ ಮಾಡಿತೇ ಎಂದರೆ, ಮಾಡಿತು. ಯಾವ ಹುಳುವಿನ ಮೇಲೆ, ಎಷ್ಟರ ಮಟ್ಟಿಗೆ, ಏನು ತೊಂದರೆ ಕೊಟ್ಟು ಎಂಬುದೂ ಸೇರಿ ತಿಳಿಯಿತು. ಗಿಡಮದ್ದಿನ ಬಗ್ಗೆ ಇಷ್ಟು ಪೂರ್ತಿಯಾದ ಉತ್ತರ ಸಿಕ್ಕಿರುವ ಉದಾಹರಣೆಗಳು ಕಡಿಮೆ.

ಈಗ ಪರೀಕ್ಷೆಯ ವಿಧಾನಕ್ಕೆ ಬರೋಣ. ಭಾರತದ ಔಷಧವಿಜ್ಞಾನ ಕಾಲೇಜುಗಳಲ್ಲಿ ಅತ್ಯಂತ ಬಳಕೆಯಲ್ಲಿರುವ ಪರೀಕ್ಷೆ ಎರೆಹುಳುವಿನದು. ಗಿಡದ ಸಾರವನ್ನು ತಟ್ಟೆಗೆ ಹಾಕಿ ಅದರಲ್ಲಿ ಎರೆಹುಳು ಬಿಡುತ್ತಾರೆ. ಎಷ್ಟು ನಿಮಿಷಕ್ಕೆ ಸ್ತಬ್ಧವಾಯಿತು, ಎಷ್ಟು ನಿಮಿಷಕ್ಕೆ ಸತ್ತಿತು ಎಂದು ಬರೆದುಕೊಂಡು, ಪೈಪರಜೀನ್ ಅಥವಾ ಆಲ್ಬೆಂಡಜೋಲ್ ಎಂಬ ಅಂಗಡಿ ಔಷಧಿಯ ಜೊತೆ ಹೋಲಿಸುತ್ತಾರೆ. ಎರೆಹುಳು ನೋಡಲು ಜಂತುಹುಳುವಿನಂತಿದೆ, ಸುಲಭವಾಗಿ ಸಿಗುತ್ತದೆ, ಖರ್ಚಿಲ್ಲ. ಆದರೆ ಅದು ಮಣ್ಣಿನ ಜೀವಿ, ಪರಾವಲಂಬಿಯಲ್ಲ. ಹುಳುಗಳ ವರ್ಗೀಕರಣದಲ್ಲೂ ಬೇರೆಯೇ ವಂಶ. ಚರ್ಮದಿಂದಲೇ ಉಸಿರಾಡುವ ಆ ಮೃದು ಜೀವಕ್ಕೆ ಒಂದು ಚಿಟಿಕೆ ಉಪ್ಪೂ ಸಾಕು. ಹೀಮಾಂಕಸ್‌ನ ಮೈಮೇಲೆ ಗಟ್ಟಿಯಾದ ಹೊರಪೊರೆಯಿದೆ, ಅದು ಬದುಕುವುದೇ ಆಮ್ಲದ ಮಡುವಿನಲ್ಲಿ. ಎಷ್ಟೋ ಗಿಡಗಳ ಮೇಲೆ 'ಜಂತುನಾಶಕ' ಎಂಬ ಹಣೆಪಟ್ಟಿ ಎರೆಹುಳುವಿನ ಸಾಕ್ಷ್ಯದಿಂದಲೇ ಬಂದಿದೆ ಎಂಬುದು ನನಗೆ ನೋವಿನ ಸಂಗತಿ. ಶ್ರಮಪಟ್ಟು ಕೆಲಸ ಮಾಡುವ ವಿದ್ಯಾರ್ಥಿಗಳನ್ನು ಇಂಥ ಪರೀಕ್ಷೆಯಲ್ಲೇ ನಿಲ್ಲಿಸಿಬಿಡುವುದು ಅವರಿಗೂ ಗಿಡಕ್ಕೂ ಮಾಡುವ ಅನ್ಯಾಯ.

ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದು, ಕಸಾಯಿಖಾನೆಯಿಂದ ತಂದ ಜಠರವನ್ನು ಸೀಳಿ ಜೀವಂತ ಹೀಮಾಂಕಸ್ ಹುಳುಗಳನ್ನು ತೆಗೆದು ಬೆಚ್ಚನೆಯ ಉಪ್ಪುನೀರಿನಲ್ಲಿಟ್ಟು ಸಾರದ ಪರಿಣಾಮ ನೋಡುವುದು, ಅಥವಾ ಹಿಕ್ಕೆಯಿಂದ ಬೇರ್ಪಡಿಸಿದ ಮೊಟ್ಟೆಗಳು ಎರಡು ದಿನದಲ್ಲಿ ಎಷ್ಟು ಒಡೆದವು, ಎಷ್ಟು ಒಡೆಯಲಿಲ್ಲ ಎಂದು ಎಣಿಸುವುದು. ಇಲ್ಲಿ ಹುಳು ಸರಿಯಾದದ್ದೇ. ಆದರೆ ಜಾಗ ಬೇರೆ. ಒಂದು ಲೆಕ್ಕ ಹಾಕಿ ನೋಡಿ: ಗಾಜಿನ ತಟ್ಟೆಯಲ್ಲಿ ಒಂದು ಮಿಲಿಲೀಟರ್‌ಗೆ 5 ಮಿಲಿಗ್ರಾಂ ಸಾರ ಹಾಕಿದಾಗ ಹುಳು ಸತ್ತಿತು ಎಂದಿಟ್ಟುಕೊಳ್ಳೋಣ. ದೊಡ್ಡ ಕುರಿಯ ಮೊದಲ ಹೊಟ್ಟೆಯಲ್ಲಿ ಐದು ಲೀಟರ್‌ಗೆ ಕಡಿಮೆಯಿಲ್ಲದ ದ್ರವವಿರುತ್ತದೆ. ಅಲ್ಲಿ ಅದೇ ಸಾಂದ್ರತೆ ಬರಬೇಕಾದರೆ 25 ಗ್ರಾಂ ಸಾರ ಬೇಕು. ಹತ್ತು ಗ್ರಾಂ ಒಣ ಎಲೆಗೆ ಒಂದು ಗ್ರಾಂ ಸಾರ ಸಿಕ್ಕರೆ, ಒಂದು ಕುರಿಗೆ ಒಂದು ಹೊತ್ತಿಗೆ ಕಾಲು ಕಿಲೋ ಒಣ ಎಲೆಯ ಸಾರ. ಅದೂ ಮೊದಲ ಹೊಟ್ಟೆಯ ಕೋಟಿ ಕೋಟಿ ಸೂಕ್ಷ್ಮಜೀವಿಗಳು ಅದನ್ನು ಮುಟ್ಟದೆ ಬಿಟ್ಟರೆ. ಅವು ಬಿಡುವುದಿಲ್ಲ, ಮೇವನ್ನು ಕೊಳೆಸಿ ಒಡೆಯುವುದೇ ಅವುಗಳ ಕೆಲಸ.

ಹಾಗಾಗಿ ಕೊನೆಗೆ ಕುರಿಯನ್ನೇ ಕೇಳಬೇಕು. ಕುರಿಯನ್ನು ಕೇಳುವುದೆಂದರೆ ಅದರ ಹಿಕ್ಕೆಯನ್ನು ಕೇಳುವುದು. ಈ ಕೆಲಸ ನೋಡದವರಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನೆಲದ ಮೇಲೆ ಬಿದ್ದದ್ದಲ್ಲ, ಕೈಗವಸು ಹಾಕಿಕೊಂಡು ನೇರವಾಗಿ ಕುರಿಯಿಂದಲೇ ತೆಗೆದ ಹಿಕ್ಕೆ ಬೇಕು. ಅದನ್ನು ತೂಗಿ, ಪುಟ್ಟ ಒರಳಿನಲ್ಲಿ ಅರೆದು, ಇನ್ನು ಕರಗಲಾರದಷ್ಟು ಉಪ್ಪು ಹಾಕಿದ ನೀರಿನಲ್ಲಿ ಕದಡಿ, ಚಹಾ ಸೋಸುವ ಜಾಲರಿಯಂಥದ್ದರಲ್ಲಿ ಸೋಸುತ್ತಾರೆ. ಆ ಕಂದು ನೀರನ್ನು ಎರಡು ಕೋಣೆಗಳಿರುವ ಗಾಜಿನ ಪಟ್ಟಿಗೆ ತುಂಬಿ ಐದು ನಿಮಿಷ ಬಿಟ್ಟರೆ, ಉಪ್ಪುನೀರಿಗಿಂತ ಹಗುರವಾದ ಮೊಟ್ಟೆಗಳು ತೇಲಿ ಮೇಲಿನ ಗಾಜಿಗೆ ಅಂಟಿಕೊಳ್ಳುತ್ತವೆ, ಕಸ ಕೆಳಗೆ ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಗೆರೆಯಿಂದ ಗೆರೆಗೆ ಕಣ್ಣು ಸಾಗಿಸುತ್ತ ಎಣಿಸಬೇಕು. ತೆಳು ಸಿಪ್ಪೆಯ ಉದ್ದುದ್ದ ದುಂಡನೆಯ ಮೊಟ್ಟೆ, ಒಳಗೆ ದ್ರಾಕ್ಷಿ ಗೊಂಚಲಿನಂತೆ ಕೋಶಗಳು. ನಡುನಡುವೆ ಗಾಳಿಗುಳ್ಳೆಗಳು ಕಪ್ಪು ಅಂಚಿನ ಬಳೆಗಳಂತೆ ಕಂಡು ಮೋಸ ಮಾಡುತ್ತವೆ. ಎಣಿಕೆಯನ್ನು ಐವತ್ತರಿಂದಲೋ ನೂರರಿಂದಲೋ ಗುಣಿಸಿದರೆ ಒಂದು ಗ್ರಾಂ ಹಿಕ್ಕೆಯಲ್ಲಿರುವ ಮೊಟ್ಟೆಗಳ ಲೆಕ್ಕ ಸಿಗುತ್ತದೆ. 1939ರಲ್ಲಿ ಗಾರ್ಡನ್ ಮತ್ತು ವಿಟ್‌ಲಾಕ್ ಎಂಬಿಬ್ಬರು ಸಿಡ್ನಿಯ ಮೆಕ್‌ಮಾಸ್ಟರ್ ಪ್ರಯೋಗಾಲಯದಲ್ಲಿ ರೂಪಿಸಿದ ವಿಧಾನವಿದು. ಇವತ್ತಿಗೂ ನಮ್ಮ ಪಶುವೈದ್ಯ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಕಲಿಯುವುದು ಇದನ್ನೇ.

ಮದ್ದು ಕೊಡುವ ಮೊದಲು ಒಂದು ಎಣಿಕೆ, ಕೊಟ್ಟು ಹತ್ತು ಹದಿನಾಲ್ಕು ದಿನಕ್ಕೆ ಇನ್ನೊಂದು. ಇಳಿದರೆ ಮದ್ದು ಕೆಲಸ ಮಾಡಿದಂತೆ. ಸರಳ ಎನ್ನಿಸುತ್ತದೆ, ಆದರೆ ಇಲ್ಲೇ ಹಲವು ಬಲೆಗಳಿವೆ. ಗಿಡಮದ್ದಿನಿಂದ ಕುರಿಗೆ ಭೇದಿಯಾದರೆ ಹಿಕ್ಕೆಯಲ್ಲಿ ನೀರು ಹೆಚ್ಚಿ, ಗ್ರಾಂ ಲೆಕ್ಕದಲ್ಲಿ ಮೊಟ್ಟೆ ಕಡಿಮೆಯಾದಂತೆ ಕಾಣುತ್ತದೆ. ಹುಳು ಹಾಗೇ ಇರುತ್ತದೆ. ಹುಳುವಿಗೆ ಮಂಪರು ಕವಿದು ಕೆಲವು ದಿನ ಮೊಟ್ಟೆ ಇಡುವುದನ್ನು ನಿಲ್ಲಿಸಿ ಮತ್ತೆ ಶುರುಮಾಡಬಹುದು. ಎಲ್ಲಕ್ಕಿಂತ ದೊಡ್ಡ ಬಲೆಯನ್ನು 1929ರಲ್ಲಿ ನಾರ್ಮನ್ ಸ್ಟಾಲ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಹೀಮಾಂಕಸ್ ಇರುವ ಕುರಿ ಹೊಸ ಮರಿಹುಳುಗಳನ್ನು ಹುಲ್ಲಿನ ಜೊತೆ ನುಂಗಿದಾಗ ಕೆಲವೊಮ್ಮೆ ಅದರ ಮೈಯೇ ಕೆರಳಿ ಹಳೆಯ ಹುಳುಗಳನ್ನೆಲ್ಲ ಹೊರಗೆ ತಳ್ಳಿಬಿಡುತ್ತದೆ. ಯಾವ ಮದ್ದೂ ಇಲ್ಲದೆ ಮೊಟ್ಟೆ ಎಣಿಕೆ ದಿಢೀರನೆ ಪಾತಾಳಕ್ಕಿಳಿಯುತ್ತದೆ. ಅದೇ ವಾರ ಯಾರಾದರೂ ಕಷಾಯ ಕುಡಿಸಿದ್ದರೆ ಕೀರ್ತಿಯೆಲ್ಲ ಕಷಾಯಕ್ಕೆ. ಮದ್ದು ಕೊಡದ ಗುಂಪೊಂದನ್ನು ಅದೇ ಹುಲ್ಲುಗಾವಲಿನಲ್ಲಿ, ಅದೇ ದಿನಗಳಲ್ಲಿ ಇಟ್ಟುಕೊಳ್ಳದ ಪ್ರಯೋಗವನ್ನು ನಂಬಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ. ಪಶು ಪರಾವಲಂಬಿ ಶಾಸ್ತ್ರದ ವಿಶ್ವಸಂಘ 1995ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ 98 ಶೇಕಡಕ್ಕಿಂತ ಹೆಚ್ಚು ಹುಳು ತೆಗೆದರೆ ಅತ್ಯುತ್ತಮ, 90ರಿಂದ 98 ಉತ್ತಮ, 80ರಿಂದ 89 ಸಾಧಾರಣ, ಅದಕ್ಕಿಂತ ಕೆಳಗಿನದು ಸಾಲದು ಎಂದಿದೆ.

ಈ ಅಳತೆಗೋಲು ಹಿಡಿದು ನಮ್ಮ ಮುತ್ತುಗದ ಬೀಜವನ್ನು ನೋಡೋಣ. ಬಯಲುಸೀಮೆಯ ಕಾಡಂಚಿನಲ್ಲಿ ಎಲೆಯುದುರಿದ ಕಾಲಕ್ಕೆ ಬೆಂಕಿ ಹೊತ್ತಿದಂತೆ ಹೂಬಿಡುವ ಮರ. ಅದರ ಚಪ್ಪಟೆ ಬೀಜ ಆಯುರ್ವೇದದಲ್ಲಿ ಕ್ರಿಮಿಗೆ ಹೆಸರಾದದ್ದು. ಪಾಕಿಸ್ತಾನದ ಫೈಸಲಾಬಾದ್‌ನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದನ್ನು ಕುರಿಗಳ ಮೇಲೆಯೇ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಕುರಿಯ ಪ್ರತಿ ಕಿಲೋ ತೂಕಕ್ಕೆ 3 ಗ್ರಾಂ ಬೀಜದ ಪುಡಿ ಕೊಟ್ಟಾಗ ಹತ್ತನೆಯ ದಿನಕ್ಕೆ ಮೊಟ್ಟೆ ಎಣಿಕೆ ಸುಮಾರು 78 ಶೇಕಡ ಇಳಿಯಿತು. ಗಿಡಮದ್ದುಗಳ ಪೈಕಿ ಇದು ಒಳ್ಳೆಯ ಫಲಿತಾಂಶ, ನಾನು ಇದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಮೂವತ್ತು ಕಿಲೋ ಕುರಿಗೆ ತೊಂಬತ್ತು ಗ್ರಾಂ ಪುಡಿ ಎಂದರೆ ಕೈತುಂಬ ಆಗುವಷ್ಟು. ನೂರು ಕುರಿಯ ಹಿಂಡಿಗೆ ಒಂದು ಸಲಕ್ಕೆ ಒಂಬತ್ತು ಕಿಲೋ. ಬೀಜ ಆಯ್ದು, ಒಣಗಿಸಿ, ಕುಟ್ಟಿ, ಕದಡಿ, ಒಂದೊಂದೇ ಕುರಿಯನ್ನು ಹಿಡಿದು ಕುಡಿಸಬೇಕು. ಇಷ್ಟಾದ ಮೇಲೂ ಐದರಲ್ಲಿ ಒಂದು ಪಾಲು ಮೊಟ್ಟೆ ಉಳಿದೇ ಇದೆ. ಬೀಜದಲ್ಲಿರುವ ಪಲಾಸೋನಿನ್ ಎಂಬ ಸತ್ವ ಒಂದು ಮರದಿಂದ ಇನ್ನೊಂದಕ್ಕೆ ಒಂದೇ ಪ್ರಮಾಣದಲ್ಲಿ ಇರುತ್ತದೆಂದು ನೆಚ್ಚಿಕೊಳ್ಳುವಂತೆಯೂ ಇಲ್ಲ. ಮುತ್ತುಗದ ಬೀಜ ಸುಳ್ಳಲ್ಲ. ಆಲ್ಬೆಂಡಜೋಲ್ ಶೀಷೆಯ ಜಾಗದಲ್ಲಿ ಅದನ್ನು ಹಾಗೇ ತಂದಿಡಲಾಗದು ಎಂಬುದೂ ಸುಳ್ಳಲ್ಲ.

ಇನ್ನು ವಾಯುವಿಳಂಗ. ಚರಕನ ಕಾಲದಿಂದ ಕ್ರಿಮಿಘ್ನಗಳ ಸಾಲಿನಲ್ಲಿ ಮುಂದೆ ನಿಂತದ್ದು. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಈ ಬಳ್ಳಿ ವಿಪರೀತ ಕೊಯ್ಲಿನಿಂದ ವಿರಳವಾಗಿದೆ. ಗ್ರಂಥಿಗೆ ಅಂಗಡಿಯಲ್ಲಿ ಅದರ ಹೆಸರಿನಲ್ಲಿ ಅದೇ ಬಳಗದ ಬೇರೆ ಗಿಡಗಳ ಹಣ್ಣು ಸಿಗುವುದುಂಟು. ಹಾಗೆ ಬೆರೆಯುವವುಗಳಲ್ಲಿ ಮಿರ್ಸೀನ್ ಆಫ್ರಿಕಾನಾ ಒಂದು. ಕುತೂಹಲದ ಸಂಗತಿ ಎಂದರೆ, ಸಾವಿರಾರು ಮೈಲಿ ಆಚೆ ಕೀನ್ಯಾದ ದನಗಾಹಿಗಳೂ ಹುಳುವಿನ ಮದ್ದೆಂದು ಬಳಸುವುದು ಈ ಮಿರ್ಸೀನ್ ಆಫ್ರಿಕಾನಾವನ್ನೇ. ಕೀನ್ಯಾದ ವಿಜ್ಞಾನಿ ಜಾನ್ ಗಿಥಿಯೋರಿ ಸ್ವೀಡನ್ನಿನ ಕೃಷಿ ವಿಶ್ವವಿದ್ಯಾಲಯದ ಸಂಗಡ ಮಾಡಿದ ಸಂಶೋಧನೆಯಲ್ಲಿ, ಕುರಿಗಳಿಗೆ ಬೇಕೆಂದೇ ಹೀಮಾಂಕಸ್ ಹತ್ತಿಸಿ, ಗುಂಪು ಮಾಡಿ, ಜನ ಹೇಳಿದಂತೆಯೇ ತಯಾರಿಸಿದ ಮದ್ದು ಕೊಟ್ಟು ನೋಡಿದರು. ಮಿರ್ಸೀನ್ ಆಫ್ರಿಕಾನಾದಿಂದ ಗಮನಾರ್ಹ ಪರಿಣಾಮ ಕಾಣಲಿಲ್ಲ. ಅದರ ಸೋದರಗಿಡ ರಪಾನಿಯಾದಿಂದಲೂ ಇಲ್ಲ. ಈ ಫಲಿತಾಂಶ 2002ರಲ್ಲಿ ಬಂತು. ಅಲ್ಬಿಜಿಯಾ ಆಂಥೆಲ್ಮಿಂಟಿಕಾ ಎಂಬ, ಹೆಸರಿನಲ್ಲೇ ಜಂತುನಾಶಕ ಎಂದು ಬರೆದುಕೊಂಡ ಮರದ ತೊಗಟೆಯೂ ಹೀಮಾಂಕಸ್ ಎದುರು ನಿಲ್ಲಲಿಲ್ಲ.

ಹಾಗಾದರೆ ಎರಡು ಖಂಡಗಳ ಜನ ತಲೆತಲಾಂತರದಿಂದ ತಪ್ಪು ತಿಳಿದಿದ್ದರೇ? ನನಗೆ ಹಾಗೆ ಅನ್ನಿಸುವುದಿಲ್ಲ. ಕುರಿಗಾರ ಹುಳುವನ್ನು ತಿಳಿದಿರುವುದು ಕಣ್ಣಿನಿಂದ. ಮರಿಯ ಹಿಕ್ಕೆಯ ಮೇಲೆ ಬೆಂದ ಅಕ್ಕಿಕಾಳಿನಂತೆ ಅಂಟಿಕೊಂಡು ಬರುವ ಲಾಡಿಹುಳುವಿನ ತುಂಡುಗಳು ಅವನಿಗೆ ಕಾಣುತ್ತವೆ. ಮದ್ದು ಕುಡಿಸಿದ ಮರುದಿನ ಮಾರುದ್ದದ ಲಾಡಿಹುಳು ಬಿದ್ದರೆ ಅದೂ ಕಾಣುತ್ತದೆ. ಜನ ಗಿಡಗಳನ್ನು ಆರಿಸಿಕೊಂಡದ್ದು ಈ ಕಾಣುವ ಹುಳುಗಳ ಮೇಲೆ ಪರೀಕ್ಷಿಸಿ. ಹೀಮಾಂಕಸ್ ಹಿಕ್ಕೆಯಲ್ಲಿ ಕಾಣಸಿಗುವುದಿಲ್ಲ, ಅದರ ಮೊಟ್ಟೆ ಕಣ್ಣಿಗೆ ಕಾಣುವುದಿಲ್ಲ. ಕುರಿ ಕೊಯ್ದು ಜಠರ ಸೀಳಿದಾಗ ಮಾತ್ರ ಅದರ ದರ್ಶನ. ಒಂದು ಹುಳುವಿನ ಮೇಲೆ ಸರಿಯಾಗಿ ಗಳಿಸಿದ ತಿಳಿವಳಿಕೆಯನ್ನು ಕಾಣದ ಇನ್ನೊಂದು ಹುಳುವಿಗೂ ಹಚ್ಚಿದ್ದರಿಂದ ಹೀಗಾಗಿರಬೇಕು. ಗಿಥಿಯೋರಿಯವರೂ ಜನ ಕಂಡು ಗುರುತಿಸುವ ಹುಳುಗಳ ವಿಷಯವನ್ನು ಎತ್ತಿದ್ದಾರೆ. ವಾಯುವಿಳಂಗವನ್ನು ಲಾಡಿಹುಳುವಿನ ಮೇಲೆ, ಮರಿಗಳಲ್ಲಿ, ಅಸಲಿ ಹಣ್ಣು ತಂದು, ಮದ್ದು ಕೊಡದ ಗುಂಪಿಟ್ಟುಕೊಂಡು ಪರೀಕ್ಷಿಸಿದರೆ ಅದಕ್ಕೆ ಸಲ್ಲಬೇಕಾದ ನ್ಯಾಯ ಸಲ್ಲುತ್ತದೆ.

ಅಪ್ಪನ ಬೇವಿನ ಕತೆಯೂ ಇಬ್ಬಗೆಯದೇ. ಬ್ರೆಜಿಲ್‌ನಲ್ಲಿ ಒಣ ಬೇವಿನೆಲೆ ತಿನ್ನಿಸಿದ ಕುರಿಗಳಲ್ಲಿ ಹುಳು ಇಳಿಯಲಿಲ್ಲ. ಮಲೇಷ್ಯಾದಲ್ಲಿ ದಿನವೂ ಹಸಿ ಬೇವಿನೆಲೆ ತಿಂದ ಕುರಿಗಳಲ್ಲಿ ಹುಳು ಕಡಿಮೆಯಿತ್ತು. ಒಣಗಿದ್ದು, ಹಸಿಯಾದದ್ದು, ಒಮ್ಮೆ ಕೊಟ್ಟದ್ದು, ದಿನವೂ ಕೊಟ್ಟದ್ದು. ಇಂಥ ಸಣ್ಣ ಸಣ್ಣ ವ್ಯತ್ಯಾಸಗಳನ್ನು ಬರೆದಿಡದೆ ಬೇವು ಒಳ್ಳೆಯದು ಅಥವಾ ಬೇವು ಕೆಟ್ಟದ್ದು ಎಂದರೆ ಏನೂ ಹೇಳಿದಂತಾಗುವುದಿಲ್ಲ. ಪರಂಗಿಕಾಯಿಯ ಹಾಲಿನಲ್ಲಿರುವ ಪ್ರೋಟೀನ್ ಕರಗಿಸುವ ಕಿಣ್ವಗಳು ಹುಳುವಿನ ಹೊರಪೊರೆಯನ್ನೇ ತಿಂದುಹಾಕುತ್ತವೆ ಎಂಬುದನ್ನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಸೊಗಸಾಗಿ ತೋರಿಸಿದ್ದಾರೆ. ಈಗಿನ ಯಾವ ಔಷಧಿಯೂ ಹುಳುವನ್ನು ಈ ರೀತಿ ಕೊಲ್ಲುವುದಿಲ್ಲವಾದ್ದರಿಂದ ಇದು ಆಸೆ ಹುಟ್ಟಿಸುವ ದಾರಿ. ಆದರೆ ಆ ಕಿಣ್ವವನ್ನು ಕುರಿಯ ಮೊದಲ ಹೊಟ್ಟೆ ದಾಟಿಸಿ, ಕೆಡದಂತೆ ನಾಲ್ಕನೆಯ ಹೊಟ್ಟೆಗೆ ತಲುಪಿಸುವುದೇ ದೊಡ್ಡ ಕೆಲಸ.

ತಯಾರಿಕೆಯ ವಿವರ ಎಷ್ಟು ಮುಖ್ಯ ಎಂಬುದಕ್ಕೆ ಚೀನಾದ ತು ಯೂಯೂ ಅವರ ಅನುಭವಕ್ಕಿಂತ ದೊಡ್ಡ ಪಾಠವಿಲ್ಲ. ಮಲೇರಿಯಾಕ್ಕೆ ಮದ್ದು ಹುಡುಕುತ್ತ ಅವರ ತಂಡ ಎರಡು ಸಾವಿರ ನಾಟಿ ಮದ್ದುಗಳನ್ನು ಕಲೆಹಾಕಿತ್ತು. ಛಿಂಗ್‌ಹಾವ್ ಗಿಡದ ಸಾರ ಇಲಿಗಳ ಮಲೇರಿಯಾದ ಮೇಲೆ ಮೊದಲ ಸಲ 68 ಶೇಕಡ ಕೆಲಸ ಮಾಡಿ, ಮತ್ತೆ ಮಾಡಿದಾಗ ಕೈಕೊಟ್ಟಿತು. ನಾಲ್ಕನೆಯ ಶತಮಾನದ ವೈದ್ಯ ಗೆ ಹೋಂಗ್ ಈ ಗಿಡವನ್ನು ಕುದಿಸಲು ಹೇಳಿಲ್ಲ, ನೀರಿನಲ್ಲಿ ನೆನೆಸಿ ಹಿಂಡಲು ಹೇಳಿದ್ದಾನೆ ಎಂಬುದನ್ನು ತು ಗಮನಿಸಿದರು. ಕಾವಿಗೆ ಸತ್ವ ಹಾಳಾಗುತ್ತಿರಬಹುದು ಎಂದು ಕಡಿಮೆ ಉಷ್ಣತೆಯಲ್ಲಿ ಈಥರ್ ಬಳಸಿ ಸಾರ ತೆಗೆದರು. 1971ರ ಅಕ್ಟೋಬರ್‌ನಲ್ಲಿ 191ನೆಯ ಮಾದರಿ ಇಲಿಗಳಲ್ಲಿ ನೂರಕ್ಕೆ ನೂರು ಕೆಲಸ ಮಾಡಿತು. ಆಮೇಲೆ ಕೋತಿಗಳು, ಆಮೇಲೆ ತಾವೇ ಕುಡಿದು ನೋಡಿದ್ದು, ಆಮೇಲೆ ರೋಗಿಗಳು. 2015ರ ನೊಬೆಲ್ ಪ್ರಶಸ್ತಿಯಲ್ಲಿ ಅರ್ಧ ಅವರದಾಯಿತು. ಇನ್ನರ್ಧ ಐವರ್‌ಮೆಕ್ಟಿನ್ ಕಂಡುಹಿಡಿದ ಒಮುರಾ ಮತ್ತು ಕ್ಯಾಂಪ್‌ಬೆಲ್ ಅವರದು. ಅಜ್ಜಿ ಹೇಳಿದ್ದು ಮಜ್ಜಿಗೆಯಲ್ಲಿ, ನಮ್ಮ ಪ್ರಯೋಗಾಲಯಗಳಲ್ಲಿ ಪರೀಕ್ಷಿಸುವುದು ಮೆಥನಾಲ್‌ನಲ್ಲಿ. ಮೆಥನಾಲ್ ಸಾರ ಕೆಲಸ ಮಾಡಿದರೂ ಮಾಡದಿದ್ದರೂ ಅಜ್ಜಿಯ ಮದ್ದಿನ ಬಗ್ಗೆ ಅದು ಹೇಳುವುದು ಬಹಳ ಕಡಿಮೆ.

ನನಗೆ ಹೆಚ್ಚು ಭರವಸೆ ಕಾಣುವುದು ಇನ್ನೊಂದು ದಾರಿಯಲ್ಲಿ: ಗಿಡವನ್ನು ಗೊಟ್ಟದಲ್ಲಿ ಕುಡಿಸುವ ಮದ್ದೆಂದು ನೋಡದೆ ದಿನದ ಮೇವೆಂದು ನೋಡುವುದು. ಫ್ರಾನ್ಸಿನ ಟುಲೂಸ್‌ನಲ್ಲಿ ಎರ್ವೆ ಓಸ್ಟ್ ಮತ್ತು ಸಂಗಡಿಗರು, ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮೇಕೆಗಳ ಮೇಲೆ ಕೆಲಸ ಮಾಡುವವರು, ಒಗರು ತುಂಬಿದ ಮೇವಿನ ಬೆಳೆಗಳನ್ನು ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. ಫ್ರಾನ್ಸಿನಲ್ಲಿ ಸೇನ್‌ಫಾಯಿನ್, ಅಮೆರಿಕದಲ್ಲಿ ಸೆರಿಷಿಯಾ ಲೆಸ್ಪಿಡೀಜಾ. ಎರಡೂ ದ್ವಿದಳ ಗಿಡಗಳು. ಒಗರಿನ ಟ್ಯಾನಿನ್ ಹುಳುವಿನ ಮೊಟ್ಟೆ ಇಡುವ ಶಕ್ತಿಯನ್ನು ಕುಗ್ಗಿಸುತ್ತದೆ, ಮರಿಹುಳು ಜಠರದಲ್ಲಿ ನೆಲೆಯೂರುವುದನ್ನು ತಡೆಯುತ್ತದೆ. ಮೇವಿನ ಪ್ರೋಟೀನನ್ನು ಮೊದಲ ಹೊಟ್ಟೆಯಲ್ಲಿ ಪೋಲಾಗದಂತೆ ಹಿಡಿದಿಟ್ಟು ಮುಂದಕ್ಕೆ ದಾಟಿಸುವುದರಿಂದ ಕುರಿಯ ಮೈಗೂ ತ್ರಾಣ ಬರುತ್ತದೆ. ಹುಳು ಪೂರ್ತಿ ಹೋಗುವುದಿಲ್ಲ. ಹೋಗಬೇಕಾಗಿಯೂ ಇಲ್ಲ, ಹೊಲದ ಮೇಲೆ ಬೀಳುವ ಮೊಟ್ಟೆ ಅರ್ಧಕ್ಕಿಳಿದರೂ ಮುಂದಿನ ತಿಂಗಳ ಹಾವಳಿ ತಗ್ಗುತ್ತದೆ. ಒಗರು ಅತಿಯಾದರೆ ಮೇವು ತಿನ್ನುವುದನ್ನೇ ಬಿಡುತ್ತವೆ ಎಂಬುದನ್ನೂ ಮರೆಯಬಾರದು. ಬರೇಲಿ ಬಳಿಯ ಇಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ ಸೀಬೆ ಎಲೆ, ಬಸರಿ ಎಲೆಗಳ ಮಿಶ್ರಣವನ್ನು ಹೀಮಾಂಕಸ್ ಇದ್ದ ಪ್ರಾಣಿಗಳಿಗೆ ತಿನ್ನಿಸಿ ಇದೇ ಜಾಡಿನಲ್ಲಿ ಕೆಲಸ ಮಾಡಿದ್ದಾರೆ. ನಮ್ಮಲ್ಲಿ ಮೇಕೆಗೆ ಹಲಸಿನ ಸೊಪ್ಪು ಕಟ್ಟುತ್ತಾರೆ, ಬೇಸಗೆಯಲ್ಲಿ ಜಾಲಿ ಕಾಯಿ ಉದುರಿಸಿ ತಿನ್ನಿಸುತ್ತಾರೆ. ಎರಡೂ ಒಗರಿನವೇ.

ಇದಕ್ಕೆ ಜೊತೆಯಾಗಿ ದಕ್ಷಿಣ ಆಫ್ರಿಕದಿಂದ ಬಂದ ಒಂದು ಸರಳ ಉಪಾಯವಿದೆ. ಫಮಾಚಾ ಎಂಬ ಹೆಸರಿನ ಐದು ಬಣ್ಣದ ಕಾರ್ಡು. ಕುರಿಯ ಕೆಳರೆಪ್ಪೆ ಎಳೆದು, ಒಳಗಿನ ಬಣ್ಣವನ್ನು ಕಾರ್ಡಿನ ಜೊತೆ ಹೋಲಿಸಿ, ಬಿಳಿಚಿಕೊಂಡವಕ್ಕೆ ಮಾತ್ರ ಔಷಧಿ ಕೊಡುವುದು. ಕೆಂಪಗಿರುವ ಕುರಿಗಳ ಹುಳುಗಳು ಔಷಧಿಯ ರುಚಿ ನೋಡದೆ ಉಳಿಯುವುದರಿಂದ ಔಷಧಿಗೆ ಬಗ್ಗದ ತಳಿಯೊಂದೇ ಹೊಲ ತುಂಬಿಕೊಳ್ಳುವುದಿಲ್ಲ. ನಮ್ಮ ಕುರಿಗಾರರು ರೆಪ್ಪೆ ಎಳೆದು ನೋಡುವುದನ್ನು ಯಾರಿಂದಲೂ ಕಲಿಯಬೇಕಾಗಿಲ್ಲ.

ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯವು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯ ಜೊತೆಗೂಡಿ ನಾಟಿ ಪಶುವೈದ್ಯದ ಮಿಶ್ರಣಗಳನ್ನು ಹಾಲು ಉತ್ಪಾದಕರಿಗೆ ಮುಟ್ಟಿಸುತ್ತಿದೆ. ಹುಳುವಿನ ಮಿಶ್ರಣದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಸಾಸಿವೆ, ಬೇವು, ಹಾಗಲ, ಅರಿಸಿನ, ಮೆಣಸು, ಬಾಳೆದಿಂಡು, ತುಂಬೆ, ಬೆಲ್ಲ ಇರುತ್ತವೆ. ಎಲ್ಲ ಅಡುಗೆಮನೆ ಹಿತ್ತಲಿನವು, ಪ್ರಮಾಣ ಬರೆದಿಟ್ಟಿದ್ದಾರೆ ಎಂಬುದು ಇದರ ಗುಣ. ಪ್ರಮಾಣ ಮೀರಬಾರದು ಎಂಬ ಎಚ್ಚರವೂ ಬೇಕು: ಈರುಳ್ಳಿಯನ್ನು ರಾಶಿಗಟ್ಟಲೆ ತಿಂದ ಕುರಿ ದನಗಳಲ್ಲಿ ಕೆಂಪು ರಕ್ತಕಣ ಒಡೆದು ರಕ್ತಹೀನತೆ ಬರುತ್ತದೆ. ಗಿಡವಾದ್ದರಿಂದ ಅಪಾಯವಿಲ್ಲ ಎಂಬ ಮಾತು ನಿಜವಲ್ಲ. ಹಿಂದೆ ಹೇಳಿದ ಯುರೋಪಿನ ಜರೀಗಿಡ ದನಗಳನ್ನು ಕುರುಡು ಮಾಡಿದ್ದಿದೆ, ಕೀನೊಪೋಡಿಯಂ ಎಣ್ಣೆ ಮಕ್ಕಳನ್ನೇ ಕೊಂದದ್ದಿದೆ.

ಇಂಥ ಮಿಶ್ರಣಗಳನ್ನು ಪಕ್ಕಾ ಪರೀಕ್ಷೆಗೆ ಒಡ್ಡಲು ಹಣ ಯಾರು ಹಾಕಬೇಕು? ಮುತ್ತುಗದ ಬೀಜಕ್ಕೆ ಯಾರೂ ಪೇಟೆಂಟ್ ಪಡೆಯಲಾಗದು, ಆದ್ದರಿಂದ ಯಾವ ಕಂಪನಿಗೂ ಅದರಲ್ಲಿ ಆಸಕ್ತಿ ಇರುವುದಿಲ್ಲ. ಇದು ಸಾರ್ವಜನಿಕ ಹಣದ ಕೆಲಸ; ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯ ಮತ್ತು ಅದರ ಕಾಲೇಜುಗಳಂಥ ಕಡೆ ನಡೆಯಬೇಕಾದ ಕೆಲಸ. ಬೇಕಾದದ್ದು ದುಬಾರಿ ಯಂತ್ರಗಳಲ್ಲ. ಒಂದು ಸೂಕ್ಷ್ಮದರ್ಶಕ, ಎರಡು ಕೋಣೆಯ ಗಾಜಿನ ಪಟ್ಟಿಗಳು, ಉಪ್ಪು, ಒರಳು, ತೂಕದ ತಕ್ಕಡಿ, ಮತ್ತು ಒಪ್ಪಿ ಜೊತೆಗೂಡುವ ಕುರಿಗಾರರು.

ಮುಂಗಾರು ಬಿದ್ದು ಹುಲ್ಲು ಚಿಗುರಿ ಮೂರು ವಾರ ಕಳೆದ ಮೇಲೆ ಒಂದು ಬೆಳಗ್ಗೆ ಹಟ್ಟಿಯಲ್ಲಿ ಮೂವತ್ತಾರು ಮರಿಗಳನ್ನು ಹಿಡಿದು ಕಿವಿಗೆ ಸಂಖ್ಯೆ ಹಾಕಬೇಕು. ತೂಗಬೇಕು, ರೆಪ್ಪೆ ನೋಡಬೇಕು, ಹಿಕ್ಕೆ ತೆಗೆದು ಎಣಿಸಬೇಕು. ಹುಳು ಹೆಚ್ಚಿರುವವು ಒಂದೇ ಕಡೆ ಸೇರದಂತೆ ಚೀಟಿ ಎತ್ತಿ ಹನ್ನೆರಡರ ಮೂರು ಗುಂಪು: ಒಂದಕ್ಕೆ ಕುರಿಗಾರರು ತಾವೇ ತಮ್ಮ ರೀತಿಯಲ್ಲಿ ತಯಾರಿಸಿದ ಮದ್ದು, ಒಂದಕ್ಕೆ ಅಂಗಡಿಯ ಔಷಧಿ, ಒಂದಕ್ಕೆ ಬರೀ ಮಜ್ಜಿಗೆ. ಮೂರೂ ಗುಂಪು ಸಂಜೆವರೆಗೆ ಒಟ್ಟಿಗೇ ಮೇಯಬೇಕು. ಎಣಿಸುವವರಿಗೆ ಯಾವ ಸಂಖ್ಯೆ ಯಾವ ಗುಂಪಿನದೆಂದು ಗೊತ್ತಿರಬಾರದು. ನಡುವೆ ಯಾವ ಮರಿಯ ರೆಪ್ಪೆ ಪೂರ್ತಿ ಬೆಳ್ಳಗಾದರೂ, ಅದು ಯಾವ ಗುಂಪಿನದಾಗಿರಲಿ, ಪ್ರಯೋಗದಿಂದ ಹೊರಗೆ ತೆಗೆದು ಅವತ್ತೇ ಚಿಕಿತ್ಸೆ ಮಾಡಬೇಕು. ಹದಿನಾಲ್ಕನೆಯ ದಿನ ಮತ್ತೆ ಎಣಿಕೆ. ಅಂದು ಸಂಜೆ ಹಟ್ಟಿಯಲ್ಲೇ ಕುಳಿತು, ಮದ್ದು ಅರೆದುಕೊಟ್ಟವರ ಎದುರಿಗೇ ಸಂಖ್ಯೆಗಳನ್ನು ಓದಿ ಹೇಳಬೇಕು, ಸೂಕ್ಷ್ಮದರ್ಶಕದಲ್ಲಿ ಆ ಮೊಟ್ಟೆಗಳನ್ನು ಅವರಿಗೂ ತೋರಿಸಬೇಕು.